ಸ್ಕ್ರಾಲ್ ಲಾಕ್ ದೀಪದ ಪರವಾಗಿ

ವಿಂಡೋಸ್ 11 ಮತ್ತು ಲಿನಕ್ಸ್ ಮಿಂಟ್‌ಗಳ ಮೆನುಗಳನ್ನು ಎದುರುಬದುರು ಇಟ್ಟು ನೋಡೋಣ ಎಂದು ಹೋದ ವಾರ ಹೇಳಿದ್ದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತಲ್ಲ, ವಿಂಡೋಸ್ 11 ಬೇಡುವ ಟಿಪಿಎಂ 2.0 ಭದ್ರತಾ ಚಿಪ್ ಇಲ್ಲದ ಹಳೇ ಡೆಸ್ಕ್‌ಟಾಪ್‌ಗಳನ್ನು ಏನು ಮಾಡುವುದೆಂದು ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಓದುಗರು ಕೇಳುತ್ತಲೇ ಇದ್ದಾರೆ. ಬರೆಯಲು ಕೂತೆ, ಎರಡು ಪ್ಯಾರಾಕ್ಕೇ ಸಾಕೆನಿಸಿತು. ಸ್ಟಾರ್ಟ್ ಬಟನ್ ಎಡಕ್ಕಿದ್ದರೂ ನಡುವಿಗೆ ಬಂದರೂ ವಾರದಲ್ಲಿ ರೂಢಿಯಾಗುತ್ತದೆ. ತಾಲ್ಲೂಕು ಕಚೇರಿಗಳ ಸುತ್ತಮುತ್ತ ದಿನವಿಡೀ ಅರ್ಜಿ, ಕರಾರುಪತ್ರ, ಲಗ್ನಪತ್ರಿಕೆ ಟೈಪ್ ಮಾಡುವವರು ಮೆನು ಮುಟ್ಟುವುದೇ ಅಪರೂಪ. ಯಾವ ಓಎಸ್ ಸಲೀಸು ಎನ್ನುವುದನ್ನು ಅವರ ಬೆರಳುಗಳನ್ನು ನೋಡಿ ತೀರ್ಮಾನಿಸಬೇಕು.

ಕ್ರಯದ ಕರಾರು ಟೈಪಾಗುವಾಗ ಪಕ್ಕದಲ್ಲಿ ನಿಂತು ನೋಡಿ. ಚಕ್ಕುಬಂದಿ ಕನ್ನಡದಲ್ಲಿ, ಪ್ಯಾನ್ ನಂಬರ್ ಬಂದೊಡನೆ ಇಂಗ್ಲಿಷ್, ಮತ್ತೆ ಕನ್ನಡ. ನುಡಿ ತಂತ್ರಾಂಶದಲ್ಲಿ ಈ ಬದಲಾವಣೆಗೆ ಸ್ಕ್ರಾಲ್ ಲಾಕ್ ಕೀಲಿ ಒತ್ತಿದರಾಯಿತು. ಕೀಬೋರ್ಡಿನ ದೀಪ ಹತ್ತಿದರೆ ಕನ್ನಡ, ಆರಿದರೆ ಇಂಗ್ಲಿಷ್. ವಿಂಡೋಸ್ ಕೊಟ್ಟದ್ದು ಮೊದಲು ಆಲ್ಟ್-ಶಿಫ್ಟ್, 8ನೇ ಆವೃತ್ತಿಯಿಂದ ವಿಂಡೋಸ್ ಕೀಲಿಯ ಜೊತೆ ಸ್ಪೇಸ್. ಎರಡೆರಡು ಬೆರಳಿನ ಕೆಲಸ. ಈಗ ಯಾವ ಭಾಷೆ ಎಂಬ ಗುರುತೋ, ಪರದೆಯ ಕೆಳಮೂಲೆಯಲ್ಲಿ. ಕೈಬರಹದ ಹಾಳೆ ನೋಡಿಕೊಂಡು ಟೈಪ್ ಮಾಡುವವರ ಕಣ್ಣು ಅತ್ತ ಹೋಗುವುದೇ ಇಲ್ಲ. ಮ್ಯಾಕ್ ಮಾತ್ರ ಕ್ಯಾಪ್ಸ್ ಲಾಕ್ ಕೀಲಿಯನ್ನೇ ಇದಕ್ಕೆ ಬಿಟ್ಟುಕೊಡುತ್ತದೆ, ಅಷ್ಟರಮಟ್ಟಿಗೆ ಮೇಲು. ಐಫೋನ್ ಜೋಡಣೆ ದೇವನಹಳ್ಳಿ ತಾಲ್ಲೂಕಿಗೇ ಬಂದಿದ್ದರೂ ನಾನು ಹೋಗುವ ಡಿಟಿಪಿ ಅಂಗಡಿಗಳಲ್ಲಿ ಮ್ಯಾಕ್ ಇಲ್ಲ, ಹಾಗಾಗಿ ಅದನ್ನು ಅಲ್ಲಿಗೇ ಬಿಡುತ್ತೇನೆ.

ಜೆಫ್ ರಾಸ್ಕಿನ್ ಈ ಅಂಕಣದ ಓದುಗರಿಗೆ ಹೊಸಬರಲ್ಲ. 1979ರಲ್ಲಿ ಆಪಲ್‌ನೊಳಗೆ ಮ್ಯಾಕಿಂಟಾಷ್ ಯೋಜನೆ ಶುರುಮಾಡಿದವರು. 2000ದಲ್ಲಿ ಬಂದ ಅವರ ‘ದಿ ಹ್ಯೂಮೇನ್ ಇಂಟರ್‌ಫೇಸ್’ ಪುಸ್ತಕಕ್ಕೆ ನಾನು ಮತ್ತೆ ಮತ್ತೆ ಮರಳುತ್ತೇನೆ. ಅವರ ವಾದ ಹೀಗೆ: ಮನುಷ್ಯನ ಗಮನ ಒಂದು ಹೊತ್ತಿಗೆ ಒಂದೇ ಕಡೆ ಇರುತ್ತದೆ. ಒಂದೇ ಕೀಲಿ ಈಗೊಂದು, ಆಮೇಲೊಂದು ಮಾಡಿದರೆ, ಯಾವುದು ಯಾವಾಗ ಎಂಬ ಸೂಚನೆ ಗಮನವಿಲ್ಲದ ಜಾಗದಲ್ಲಿದ್ದರೆ, ತಪ್ಪು ಆಗಿಯೇ ಆಗುತ್ತದೆ. ಆ ತಪ್ಪು ಬಳಸುವವರದಲ್ಲ, ಹಾಗೆ ಕಟ್ಟಿದವರದು. ಸೂಚನೆಯನ್ನು ಎಷ್ಟು ದೊಡ್ಡದು ಮಾಡಿದರೂ ಪ್ರಯೋಜನ ಕಡಿಮೆ. ಪರಿಹಾರವೆಂದರೆ ಕೀಲಿ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಬದಲಾವಣೆ ಇರಬೇಕು. ಕ್ಯಾಪ್ಸ್ ಲಾಕ್ ಹಾಗಲ್ಲ, ಶಿಫ್ಟ್ ಹಾಗೆ. 1987ರಲ್ಲಿ ಅವರು ರೂಪಿಸಿದ ಕ್ಯಾನನ್ ಕ್ಯಾಟ್ ಯಂತ್ರಕ್ಕೆ ಮೌಸೇ ಇರಲಿಲ್ಲ. ಸ್ಪೇಸ್‌ಬಾರ್ ಕೆಳಗಿನ ಲೀಪ್ ಕೀಲಿ ಒತ್ತಿ ಹಿಡಿದು ಒಂದೆರಡು ಅಕ್ಷರ ಹೊಡೆದರೆ ಕರ್ಸರ್ ಆ ಅಕ್ಷರಗಳಿರುವಲ್ಲಿಗೇ ಹೋಗುತ್ತಿತ್ತು.

ರಾಸ್ಕಿನ್ ಲೆಕ್ಕದಲ್ಲಿ ಸ್ಕ್ರಾಲ್ ಲಾಕ್ ದೀಪವೂ ಪೂರ್ತಿ ಪಾಸಾಗುವುದಿಲ್ಲ. ಆದರೆ ಬದಲಾವಣೆ ಒಂದೇ ಬೆರಳಿನದು, ಗುರುತು ಕೈಯ ಹತ್ತಿರವೇ. ಲಿನಕ್ಸ್ ಗೆಲ್ಲುವುದು ಇಲ್ಲೇ. ಕೆಡಿಇ ಎಂಬ ಡೆಸ್ಕ್‌ಟಾಪ್ ಪರಿಸರ ಇರುವ ಲಿನಕ್ಸಿನಲ್ಲಿ ಕೀಬೋರ್ಡ್ ಸೆಟ್ಟಿಂಗಿನ ಒಳಹೊಕ್ಕರೆ ಭಾಷೆ ಬದಲಿಸುವ ಕೀಲಿಯಾಗಿ ಸ್ಕ್ರಾಲ್ ಲಾಕ್ ಸಿಗುತ್ತದೆ, ಎರಡನೇ ವಿನ್ಯಾಸ ಚಾಲೂ ಇದೆಯೆಂದು ಅದೇ ದೀಪದಲ್ಲಿ ತೋರಿಸುವ ಆಯ್ಕೆಯೂ ಸಿಗುತ್ತದೆ. ಅಷ್ಟೇ ಅಲ್ಲ, ಎಡಗಡೆಯ ವಿಂಡೋಸ್ ಕೀಲಿ ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಇನ್ನೊಂದು ಭಾಷೆ ಎಂಬ ಆಯ್ಕೆಯೂ ಇದೆ. ರಾಸ್ಕಿನ್ ಕೇಳಿದ್ದು ಇದನ್ನೇ.

ಕನ್ನಡ ವಿನ್ಯಾಸಗಳ ಪಟ್ಟಿಯಲ್ಲಿ ಅಲ್ಲಿ ‘ಕಗಪ’ ಎಂಬ ಹೆಸರಿದೆ. ನುಡಿ ರೂಪಿಸಿದ ನಮ್ಮ ಕನ್ನಡ ಗಣಕ ಪರಿಷತ್ತಿನದೇ ಹೆಸರು, ನುಡಿಯಲ್ಲಿರುವ ಕೆ.ಪಿ. ರಾವ್ ಅವರದೇ ವಿನ್ಯಾಸ. ಹಿಂದಿ, ಮರಾಠಿ, ತೆಲುಗು, ಸಂಸ್ಕೃತಕ್ಕೂ ಅದೇ ಹೆಸರಿನ ವಿನ್ಯಾಸಗಳಿವೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಕನ್ನಡಕ್ಕೆ ಇಟ್ಟದ್ದು ಇನ್‌ಸ್ಕ್ರಿಪ್ಟ್, 2019ರಲ್ಲಿ ಸೇರಿಸಿದ್ದು ಇಂಗ್ಲಿಷ್ ಕಾಗುಣಿತದಲ್ಲಿ ಕನ್ನಡ ಬರೆಯುವ ಫೊನೆಟಿಕ್. ಫೊನೆಟಿಕ್ ಪಕ್ಷದವರೊಡನೆ ನನ್ನ ಜಗಳ ಹಳೆಯದು. ಕಲಿಯಬೇಕಾದ್ದೇ ಇಲ್ಲ ಎನ್ನುತ್ತಾರೆ ಅವರು, ಒಂದು ಪತ್ರ ಬರೆಯುವವರಿಗೆ ಅದು ನಿಜವೂ ಹೌದು. ದಿನಕ್ಕೆ ಇಪ್ಪತ್ತು ಪುಟ ಹೊಡೆಯುವವರ ಮಾತು ಬೇರೆ. ‘ದೊಡ್ಡಬಳ್ಳಾಪುರ’ ತೆಗೆದುಕೊಳ್ಳಿ. ಕೆ.ಪಿ. ರಾವ್ ವಿನ್ಯಾಸದಲ್ಲಿ ‘ಡ್ಡ’ಕ್ಕೆ ಡಬ್ಲ್ಯು, ಎಫ್, ಡಬ್ಲ್ಯು, ಶಿಫ್ಟ್ ಬೇಡ. ಇಡೀ ಹೆಸರಿಗೆ 13 ಅಕ್ಷರಕೀಲಿ, ಶಿಫ್ಟ್ 3 ಸಲ. ಇಂಗ್ಲಿಷ್ ಕಾಗುಣಿತದ ‘ಬರಹ’ ಪದ್ಧತಿಯಲ್ಲಿ 14 ಕೀಲಿ, ಶಿಫ್ಟ್ 5 ಸಲ. ಮೇಲಾಗಿ ಕನ್ನಡದ ಅಕ್ಷರವನ್ನು ಮನಸ್ಸಿನಲ್ಲಿ ರೋಮನ್ ಮಾಡಿಕೊಂಡು ಮತ್ತೆ ಕನ್ನಡ ಮಾಡುವ ಶ್ರಮ. ಇದನ್ನು ಸುಲಭ ಎನ್ನಲು ನಾನು ಒಪ್ಪಲಾರೆ.

ಆದರೆ ಲಿನಕ್ಸಿನ ಕಗಪಕ್ಕೂ ಒಂದು ದೊಡ್ಡ ಕೊರತೆಯಿದೆ. ನುಡಿಯಲ್ಲಿ ಐ ಕೀಲಿ ಪದದ ಮೊದಲಲ್ಲಿ ‘ಇ’ ಕೊಡುತ್ತದೆ, ವ್ಯಂಜನದ ಬೆನ್ನಿಗೆ ಗುಡಿಸು ಕೊಡುತ್ತದೆ. ಇಲ್ಲಿ ಬರಿದೇ ಒತ್ತಿದರೆ ಗುಡಿಸು ಮಾತ್ರ. ಬಿಡಿ ಸ್ವರಕ್ಕೆ ಬಲ ಆಲ್ಟ್ ಹಿಡಿಯಬೇಕು. ಇವರು, ಎಂದು, ಒಂದು ಎಂಬ ಪದಗಳಿಲ್ಲದೆ ಯಾವ ಕರಾರುಪತ್ರ ಮುಗಿಯುತ್ತದೆ? ನುಡಿಗೆ ಪಳಗಿದ ಕೈ ಪ್ರತಿ ಸಾಲಿನಲ್ಲೂ ಎಡವುತ್ತದೆ. ಹೊಸದಾಗಿ ಕಲಿಯುವವರಿಗೆ ಕಗಪವನ್ನು ಧೈರ್ಯವಾಗಿ ಹೇಳುತ್ತೇನೆ, ಇಪ್ಪತ್ತು ವರ್ಷ ನುಡಿಯಲ್ಲೇ ದುಡಿದವರಿಗೆ ಸದ್ಯಕ್ಕೆ ಹೇಳಲಾರೆ. ಅವರ ಪೇಜ್‌ಮೇಕರ್ ಕಡತಗಳು ಯುನಿಕೋಡ್ ಅಲ್ಲದ ಹಳೇ ನುಡಿ ಫಾಂಟಿಗೆ ಕಟ್ಟುಬಿದ್ದಿರುವ ತೊಡಕು ಬೇರೆಯೇ ಇದೆ. ಮುಂದಿನ ವಾರ ಅದನ್ನೇ ಎತ್ತಿಕೊಳ್ಳುತ್ತೇನೆ.