ಒಣಗದ ಸಿಗಡಿ: ಕಾಸರಗೋಡಿನ ಕನ್ನಡ ಶಾಲೆಯಲ್ಲಿ ಶಿಶುಗೀತೆ ಮತ್ತು ಕತೆ

ಧ್ವನಿ ಸರಿಯಾಗಿ ಕೇಳಿಸ್ತಾ ಉಂಟು ಅಂತ ಭಾವಿಸ್ತೇನೆ. ನನಗೆ ಕೊಟ್ಟ ವಿಷಯ ಗಡಿನಾಡಿನ ಮಕ್ಕಳ ಸಾಹಿತ್ಯ. ಇಪ್ಪತ್ತು ನಿಮಿಷಕ್ಕೆ ಅದು ತುಂಬ ದೊಡ್ಡದಾಯಿತು. ಹಾಗಾಗಿ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮದ ಒಂದು, ಎರಡನೆಯ ತರಗತಿಗಳಿಗೆ ಅದನ್ನು ಇಳಿಸಿಕೊಂಡಿದ್ದೇನೆ. ಕೈಯಲ್ಲಿ ಹಿಡಿದುಕೊಂಡಿರುವ ಪಠ್ಯಗಳು ಎರಡೇ. ಎರಡೂ ಪಂಜೆ ಮಂಗೇಶರಾಯರವು. ಒಂದು, ನಾಗರಹಾವನ್ನು ಕುರಿತ ಪದ್ಯ. ಇನ್ನೊಂದು, 'ಸಿಗಡಿ ಯಾಕೆ ಒಣಗಲಿಲ್ಲ?' ಎಂಬ ಕತೆ.

ಮಕ್ಕಳ ಪದ್ಯದ ಬಗ್ಗೆ ನಮ್ಮಲ್ಲಿ ಬಂದಿರುವ ವಿಮರ್ಶೆಯ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಕೂತಿದೆ. ಮಗು ಮನೆಯಲ್ಲಿ ಕನ್ನಡ ಮಾತಾಡುತ್ತದೆ, ಶಾಲೆಗೆ ಬಂದು ಅದೇ ಕನ್ನಡವನ್ನು ಲಯದಲ್ಲಿ ಕೇಳಿ ಖುಷಿಪಡುತ್ತದೆ ಎನ್ನುವುದು ಆ ನಂಬಿಕೆ. ಮೈಸೂರಿನಲ್ಲೋ ಧಾರವಾಡದಲ್ಲೋ ಕೂತು ಬರೆದವರಿಗೆ ಹಾಗೆ ಕಂಡದ್ದು ಸಹಜ. ನಮ್ಮ ಕಡೆಯ ತರಗತಿಯೊಳಗೆ ಹೋಗಿ ನೋಡಿ. ಒಂದು ಬೆಂಚಿನಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ, ಅದರ ಹಿಂದೆ ಕೊಂಕಣಿ, ಮರಾಠಿ, ಮಲಯಾಳ, ಕಿಟಕಿಯ ಹತ್ತಿರ ಹವ್ಯಕ ಕನ್ನಡ. ಪುಸ್ತಕದ ಕನ್ನಡ ಮಾತ್ರ ಯಾರ ಮನೆಯದ್ದೂ ಅಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕು ಕೇರಳಕ್ಕೆ ಹೋದದ್ದು, ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಹೇಳಿದ್ದು, ಇದೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಮತ್ತೆ ಹೇಳುವುದಿಲ್ಲ. ಆ ಚರಿತ್ರೆಯಲ್ಲಿ ಕನ್ನಡ ಮನೆಮಾತಾಗಿ ಉಳಿದದ್ದಕ್ಕಿಂತ ಹೆಚ್ಚಾಗಿ ಶಾಲೆಯ ಮಾತಾಗಿ, ಯಕ್ಷಗಾನದ ಮಾತಾಗಿ ಉಳಿಯಿತು ಎಂಬ ಅಂಶವಷ್ಟೇ ನನಗೆ ಇಲ್ಲಿ ಬೇಕು.

ಪಂಜೆಯವರಿಗೆ ಈ ತರಗತಿ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಅವರ ಮನೆಮಾತು ಕೊಂಕಣಿ. ಸುತ್ತ ಇದ್ದದ್ದು ತುಳು. ಅಧ್ಯಾಪಕರಾಗಿದ್ದವರು, ಶಾಲಾ ಇನ್ಸ್‌ಪೆಕ್ಟರ್ ಆಗಿ ಊರೂರು ತಿರುಗಿದವರು. ಕಾಸರಗೋಡು ಆಗ ಅದೇ ಜಿಲ್ಲೆಯಲ್ಲಿತ್ತು. ಅಂದರೆ ಕನ್ನಡದ ಮಕ್ಕಳಿಗೆ ಪದ್ಯ ಕೊಟ್ಟ ಮನುಷ್ಯ ಸ್ವತಃ ಕನ್ನಡವನ್ನು ಮನೆಯ ಹೊರಗಿನಿಂದ ಪಡೆದುಕೊಂಡವರು. ಇದನ್ನು ಜೀವನಚರಿತ್ರೆಯ ಒಂದು ವಿವರ ಅಂತ ನಾವು ದಾಟಿಹೋಗ್ತೇವೆ. ಪದ್ಯದ ಕಟ್ಟಡದಲ್ಲೇ ಅದು ಕಾಣಿಸುತ್ತದೆ ಎನ್ನುವುದು ನನ್ನ ವಾದ.

ಹಾವಿನ ಪದ್ಯ ತೆಗೆದುಕೊಳ್ಳಿ. ಪ್ರತಿ ಪದ್ಯಖಂಡದ ಕೊನೆಗೆ ಒಂದೇ ಅಕ್ಷರದ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಮೇಲಿನ ಸಾಲುಗಳಲ್ಲಿ ಒಂದನೆಯ ತರಗತಿಗೆ ಕಷ್ಟವಾಗುವ ಹಳೆಯ ರೂಪಗಳಿವೆ, ಅದನ್ನು ಒಪ್ಪಲೇಬೇಕು. ಆದರೆ ಮಗುವಿನ ಪಾಲಿಗೆ ಪದ್ಯ ಇರುವುದು ಆ ಕೊನೆಯ ಅಕ್ಷರದಲ್ಲಿ. ಮೊದಲು ಹಾವನ್ನು ಕರೆಯುವುದು, ಆಮೇಲೆ ಅದರ ಹತ್ತಿರ ಕೇಳುವುದು, ಕಡೆಗೆ ಹೆದರಿ ಕಳಿಸುವುದು. ಬಾ, ತಾ, ಪೋ. ಇಷ್ಟರಲ್ಲಿ ಒಂದು ನಾಟಕ ಮುಗಿಯಿತು. ಈಗ ಬೆಂಚುಗಳ ಕಡೆ ತಿರುಗಿ. ಮಲಯಾಳದ ಮಗುವಿಗೆ 'ವಾ' ಉಂಟು, 'ತಾ' ಉಂಟು, 'ಪೋ' ಉಂಟು. ತುಳುವಿನ ಮಗುವಿಗೆ ಕರೆಯುವ, ಕೊಡುವ ಮಾತುಗಳು ಬೇರೆ, 'ಬಲ', 'ಕೊರ್ಲ' ಅಂತ. ಆದರೆ ಹೋಗು ಎನ್ನಲಿಕ್ಕೆ 'ಪೋ', 'ಪೋಲ' ಅದರ ಬಾಯಲ್ಲೇ ಇದೆ. ಪುಸ್ತಕದ ಶಿಷ್ಟ ಕನ್ನಡದ 'ಹೋಗು' ಈ ಮಕ್ಕಳಿಗೆ ಹೊರಗಿನದು. ಪಂಜೆಯವರ 'ಪೋ' ಒಳಗಿನದು. ಪ್ರಾಸಕ್ಕೂ ಹಳೆಯ ಕಾವ್ಯದ ಅಭ್ಯಾಸಕ್ಕೂ ಬಂದ ಮಾತು ಅದು ಅಂತ ಯಾರಾದರೂ ಹೇಳಬಹುದು. ಇರಬಹುದು, ಕವಿಯ ಮನಸ್ಸಿನಲ್ಲಿ ಏನಿತ್ತು ಅಂತ ನಾನು ಹೇಳಲಾರೆ. ತರಗತಿಯಲ್ಲಿ ಅದು ಮಾಡುವ ಕೆಲಸ ಮಾತ್ರ ನನ್ನ ಕಿವಿಗೆ ಬಿದ್ದಿದೆ. ಮೇಲಿನ ಸಾಲುಗಳಲ್ಲಿ ಗುನುಗುನು ಅಂತ ಇದ್ದ ಮಕ್ಕಳು ಕೊನೆಯ ಅಕ್ಷರ ಬಂದಾಗ ಮಾಡು ಹಾರುವ ಹಾಗೆ ಕೂಗ್ತಾರೆ.

ಇಂಥ ಪದ್ಯವನ್ನು ನಾವು ಕಲಿಸುವುದು ಹೇಗೆ? ನಾನು ಕಲಿತದ್ದನ್ನೇ ಹೇಳ್ತೇನೆ. ಮೊದಲು ಬೋರ್ಡಿನ ಮೇಲೆ ಪದಗಳ ಅರ್ಥ. ಅದನ್ನು ಪುಸ್ತಕಕ್ಕೆ ಇಳಿಸಿಕೊಂಡ ಮೇಲೆ ರಾಗ. ರಾಗ ಮುಗಿಯುತ್ತಲೇ ಪ್ರಶ್ನೆ: ಹಾವು ಎಲ್ಲಿ ವಾಸಿಸುತ್ತದೆ? ಹಾವಿನ ಆಹಾರ ಯಾವುದು? ಹೆದರಿಕೆಯ ಬಗ್ಗೆ ಒಂದು ಪ್ರಶ್ನೆ ಇಲ್ಲ. ಕರೆದವನೇ ಯಾಕೆ ಓಡಿಸಿದ ಅಂತ ಯಾರೂ ಕೇಳಲಿಲ್ಲ. ಕಳೆದ ವರ್ಷ ನಾನು ಒಂದು ಶಾಲೆಗೆ ಹೋಗಿದ್ದಾಗ ಒಂದು ಹುಡುಗಿ ಹಾಡಿನ ಮಧ್ಯದಲ್ಲೇ ಎದ್ದು ನಿಂತು, "ಪೋ ಹೇಳಿದ್ರೆ ಅದು ಹೋಗ್ತದಾ ಟೀಚರ್?" ಅಂತ ಕೇಳಿದಳು. ನಾಗಬನದ ಪಕ್ಕದ ದಾರಿಯಲ್ಲಿ ದಿನಾ ನಡೆದು ಬರುವ ಮಗು ಅದು. ಪದ್ಯದ ಮೇಲೆ ನಾನು ಓದಿದ ಟಿಪ್ಪಣಿಗಳಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಕಂಡಿಲ್ಲ. ಅಭಿನಯಗೀತೆ ಅಂತ ಹೆಸರಿಟ್ಟು ಎರಡು ಕೈ ಹೆಡೆ ಮಾಡಿ ತೋರಿಸಿದರೆ ಕೆಲಸ ಮುಗಿಯಿತು ಎನ್ನುವ ಈಗಿನ ಪದ್ಧತಿಯೂ ಈ ಪ್ರಶ್ನೆಗೆ ಜಾಗ ಬಿಡುವುದಿಲ್ಲ. ಬೋರ್ಡಿನ ಅರ್ಥಕ್ಕಿಂತ ಅದು ವಾಸಿ, ಅಷ್ಟೇ.

ಇಲ್ಲಿ ಒಂದು ತೊಡಕಿನ ಸಂಗತಿ ಹೇಳಬೇಕು. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರನ್ನು ನೇಮಿಸುವುದರ ವಿರುದ್ಧ ಕಾಸರಗೋಡಿನಲ್ಲಿ ವರ್ಷಗಳಿಂದ ಹೋರಾಟ ನಡೆದಿದೆ. ಅಂಥ ಒಬ್ಬರ ತರಗತಿಯಲ್ಲೂ ನಾನು ಕೂತಿದ್ದೆ. ಊರಿನ ಹೆಸರು ಬೇಡ. ಅವರು ಲ್ಯಾಪ್‌ಟಾಪಿನಲ್ಲಿ ಹಾಡು ಹಾಕಿ ಮಕ್ಕಳ ಜೊತೆ ಕೈ ಆಡಿಸುತ್ತಿದ್ದರು. ಬೆಕ್ಕಿನ ಹಾಡು. ಒಬ್ಬ ಹುಡುಗ ಬೆಕ್ಕು ಬರುವ ಕಡೆಯೆಲ್ಲ ತುಳುವಿನಲ್ಲಿ 'ಪುಚ್ಚೆ' ಅಂತ ಸೇರಿಸಿ ಹಾಡಿದ. ಮಲಯಾಳದಲ್ಲಿ ಅದು 'ಪೂಚ್ಚ'. ಅಧ್ಯಾಪಕಿಗೆ ತಟ್ಟನೆ ಹೊಳೆಯಿತು, ನಕ್ಕರು, ಇಡೀ ತರಗತಿ ನಕ್ಕಿತು. ಆ ದಿನ ಅವರ ಮತ್ತು ಮಕ್ಕಳ ನಡುವೆ ನಡೆದ ನಿಜವಾದ ಮಾತುಕತೆ ಅದೊಂದೇ. ಕನ್ನಡ ಚೆನ್ನಾಗಿ ಬಲ್ಲ ಇನ್ನೊಬ್ಬರು, ನಾನು ಗೌರವಿಸುವವರೇ, ಅದೇ ತಪ್ಪಿಗೆ "ಪುಚ್ಚೆ ಅಲ್ಲ ಮಾರಾಯ, ಬೆಕ್ಕು" ಅಂತ ತಿದ್ದಿದ್ದನ್ನೂ ಕೇಳಿದ್ದೇನೆ. ಆ ಹುಡುಗ ಆಮೇಲೆ ಹಾಡಲಿಲ್ಲ.

ಇದರಿಂದ ಆ ನೇಮಕಾತಿ ಸರಿ ಎಂದಾಗುವುದಿಲ್ಲ. ಹಾಡನ್ನು ಯಂತ್ರ ಹಾಡೀತು. ಕತೆಗೆ ಬಂದಾಗ ಕೈ ಕಟ್ಟಿಹೋಗುತ್ತದೆ. ಕತೆ ಹೇಳುವವನಿಗೆ ಹೂಂಗುಟ್ಟುವವರು ಬೇಕು, ಹೂಂಗುಟ್ಟಿದ್ದನ್ನು ಕೇಳಿ ಕತೆಯನ್ನು ತಿರುಗಿಸುವ ಬಾಯಿಯೂ ಬೇಕು. ಆ ಅಧ್ಯಾಪಕಿಯ ತರಗತಿಯಲ್ಲಿ ಕತೆಯ ಪಾಠ ಬಂದಾಗ ಮಕ್ಕಳು ಸರದಿಯ ಮೇಲೆ ಗಟ್ಟಿಯಾಗಿ ಓದಿದರು. ಯಾರು ಎಲ್ಲಿ ತಪ್ಪಿದರು ಅಂತ ಅವರಿಗೆ ಗೊತ್ತಾಗುವ ಹಾಗಿರಲಿಲ್ಲ. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಮಕ್ಕಳಿಗೆ ಆಗುವ ನಷ್ಟ ಅದರಿಂದ ಕಡಿಮೆಯಾಗುವುದಿಲ್ಲ.

ಸಿಗಡಿಯ ಕತೆಗೆ ಬರುತ್ತೇನೆ. ಇದು ಸರಪಳಿ ಕತೆ. ಒಂದು ಪ್ರಶ್ನೆ, ಅದಕ್ಕೆ ಉತ್ತರವಾಗಿ ಇನ್ನೊಬ್ಬರ ಮೇಲೆ ದೂರು, ಅವರ ಹತ್ತಿರ ಹೋದರೆ ಮತ್ತೊಂದು ದೂರು. ಪಂಜೆಯವರು ಇದನ್ನು ಶೂನ್ಯದಿಂದ ತರಲಿಲ್ಲ. ತೆಲುಗಿನಲ್ಲಿ ಏಳು ಮೀನುಗಳ ಕತೆ ಅಂತ ಪ್ರಸಿದ್ಧವಾದದ್ದು ಇದರ ಅಕ್ಕನೋ ತಂಗಿಯೋ. ರಾಜನ ಏಳು ಮಕ್ಕಳು ಏಳು ಮೀನು ಹಿಡಿದು ಒಣಹಾಕಿದರು, ಒಂದು ಒಣಗಲಿಲ್ಲ. ಯಾಕೆಂದರೆ ಹುಲ್ಲಿನ ಮೆದೆ ಅಡ್ಡ ಬಂತು, ಯಾಕೆಂದರೆ ಹಸು ಮೇಯಲಿಲ್ಲ, ಹೀಗೆ ದನ ಕಾಯುವವ, ಅವನಿಗೆ ಅನ್ನ ಹಾಕದ ಮುದುಕಿ, ಅಳುವ ಮಗು, ಕಡೆಗೆ ಕಚ್ಚಿದ ಇರುವೆ. ನನ್ನ ಬಂಗಾರದ ಹುತ್ತಕ್ಕೆ ಬೆರಳಿಟ್ಟರೆ ಕಚ್ಚದೆ ಬಿಡ್ತೇನಾ ಅಂತ ಇರುವೆಯ ಜವಾಬು. ರಾಯದುರ್ಗ, ಮಡಕಶಿರಾ ಕಡೆಯ ಕನ್ನಡ ಮನೆಯ ಮಗು ಈ ಕತೆಯನ್ನು ತೆಲುಗಿನ ಗೆಳೆಯರ ಬಾಯಿಂದ ಕೇಳಿಯೇ ಇರುತ್ತದೆ. ಹಾಗಿದ್ದರೆ ಅಲ್ಲಿಯ ಕನ್ನಡ ತರಗತಿಗೆ ಸಿಗಡಿಗಿಂತ ಹತ್ತಿರದ ಪಾಠ ಯಾವುದು? ಕತೆ ಮೊದಲೇ ಗೊತ್ತಿದ್ದರೆ ಮಗುವಿನ ಗಮನವೆಲ್ಲ ಹೊಸ ಮಾತಿನ ಮೇಲೆ ನಿಲ್ಲುತ್ತದೆ.

ಎಲ್ಲ ಕತೆಗೂ ಈ ಅದೃಷ್ಟ ಇಲ್ಲ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಗುಬ್ಬಿ ಮತ್ತು ಕಾಗೆಯ ಕತೆ ಎರಡೂ ಭಾಷೆಯಲ್ಲಿ ಓಡಾಡುತ್ತದೆ. ಮರಾಠಿಯಲ್ಲಿ ಕಾಗೆಯ ಮನೆ ಶೇಣದ್ದು, ಅಂದರೆ ಸಗಣಿಯದ್ದು. ಗುಬ್ಬಿಯದ್ದು ಮೇಣದ್ದು. ಶೇಣ, ಮೇಣ ಎನ್ನುವ ಆ ಜೋಡಿಯೇ ಅಲ್ಲಿ ಕತೆಯನ್ನು ಮಗುವಿನ ನೆನಪಿನಲ್ಲಿ ಹಿಡಿದಿಡುವುದು. ಕನ್ನಡದಲ್ಲಿ ಸಗಣಿಯ ಮನೆ, ಕಲ್ಲಿನ ಮನೆ ಅಂತ ಕೇಳಿದ್ದೇನೆ. ಕಲ್ಲಿನ ಮನೆ ಮಳೆಗೆ ನಿಲ್ಲುತ್ತದೆ ಎನ್ನುವ ತರ್ಕ ಬಂತು, ಕಿವಿಯ ಸುಖ ಹೋಯಿತು. ಕನ್ನಡದ ರೂಪ ಆಗ ನಿಲ್ಲುವುದು ಬಾಗಿಲು ತಟ್ಟುವ ಆಟದ ಮೇಲೆ. ಕಾಗಕ್ಕ ತಟ್ಟಿದಷ್ಟು ಸಲ ಗುಬ್ಬಕ್ಕ ಒಂದೊಂದು ನೆಪ ಹೇಳ್ತಾಳೆ, ಮಗುವಿಗೆ ಸ್ನಾನ ಮಾಡಿಸ್ತಾ ಇದ್ದೇನೆ, ಬಟ್ಟೆ ಹಾಕ್ತಾ ಇದ್ದೇನೆ ಅಂತ. ಹೇಳುವವರು ನೆಪಗಳನ್ನು ಉದ್ದ ಮಾಡದಿದ್ದರೆ ಕತೆ ಸತ್ತ ಹಾಗೆ. ಪಠ್ಯಪುಸ್ತಕದಲ್ಲಿ ಸಂಕ್ಷೇಪ ಮಾಡುವವರ ಕತ್ತರಿ ಮೊದಲು ಬೀಳುವುದು ಇಂಥ ಪುನರಾವರ್ತನೆಗಳ ಮೇಲೆಯೇ.

ಎರಡನೆಯ ತರಗತಿಯೊಂದರಲ್ಲಿ ನಾನು ಸಿಗಡಿಯ ಕತೆ ಹೇಳಿ ನೋಡಿದೆ. ಪುಸ್ತಕದ ರೂಪಕ್ಕೆ ತೆಲುಗಿನ ಹಸು, ಹುಲ್ಲು ಬೆರೆಸಿಕೊಂಡಿದ್ದೆ, ಅದನ್ನು ಮೊದಲೇ ಒಪ್ಪಿಕೊಳ್ತೇನೆ. ಸಿಗಡಿ ಅಂದ ಕೂಡಲೇ ತರಗತಿ ಗಲಾಟೆ. "ಎಟ್ಟಿ" ಅಂತ ತುಳುವಿನವರು, "ಚೆಮ್ಮೀನ್" ಅಂತ ಮಲಯಾಳದವರು. ಒಬ್ಬಳು, "ನಮ್ಮಲ್ಲಿ ಅದು ತಿನ್ಲಿಕ್ಕಿಲ್ಲ" ಅಂದಳು. ತಿದ್ದಲಿಲ್ಲ. ಮೂರನೆಯ ಕೊಂಡಿಯ ಹೊತ್ತಿಗೆ "ಯಾಕೆ ಮೇಯಲಿಲ್ಲ? ಯಾಕೆ ಬರಲಿಲ್ಲ?" ಎನ್ನುವ ಪ್ರಶ್ನೆಗಳನ್ನು ಮಕ್ಕಳೇ ಕೇಳುತ್ತಿದ್ದರು. ಗಮನಿಸಿ, ನಿಷೇಧದ ಕ್ರಿಯಾಪದ ಕನ್ನಡ ಕಲಿಯುವವರಿಗೆ ಸುಲಭವಲ್ಲ. ಮಾಡಲಿಲ್ಲ, ಮಾಡುವುದಿಲ್ಲ, ಮಾಡಬಾರದು ಎಲ್ಲ ಕಲಸಿಹೋಗುತ್ತದೆ. ಆ ಅರ್ಧ ಗಂಟೆಯಲ್ಲಿ 'ಇಲ್ಲ' ಸೇರಿದ ಹತ್ತಾರು ರೂಪಗಳು ಅವರ ನಾಲಗೆಯ ಮೇಲೆ ಆಡಿದವು, ವ್ಯಾಕರಣದ ಹೆಸರೆತ್ತದೆ.

ದನ ಕಾಯುವವ ಯಾಕೆ ಬರಲಿಲ್ಲ ಅಂತ ಕೇಳಿದಾಗ ಒಬ್ಬ ಹಿಂದಿನಿಂದ, "ಅವನಿಗೆ ಬಸ್ಸು ಸಿಕ್ಕಲಿಲ್ಲ" ಅಂದ. ನನ್ನ ಕತೆಯಲ್ಲಿ ಬಸ್ಸು ಇರಲಿಲ್ಲ. ಸರಿ, ಬಸ್ಸನ್ನೇ ಕೇಳಿದೆವು. ಬಸ್ಸೇ ಬಸ್ಸೇ, ಯಾಕೆ ಬರಲಿಲ್ಲ? ಹೈವೇ ಕೆಲಸ ನಡೀತಾ ಉಂಟು, ಬ್ಲಾಕ್! ಹೈವೇಯೇ, ನೀನು ಯಾಕೆ ಮುಗಿಯಲಿಲ್ಲ? ಈ ಪ್ರಶ್ನೆಗೆ ಮಾತ್ರ ಯಾರಿಗೂ ಉತ್ತರ ಬರಲಿಲ್ಲ. ಅಷ್ಟರಲ್ಲಿ ಬೆಲ್ ಆಯಿತು, ಇರುವೆಯ ತನಕ ಹೋಗಲಿಕ್ಕೆ ಆಗಲಿಲ್ಲ.

ನಮ್ಮನ್ನೂ ವಿಮರ್ಶೆ ಮಾಡಿಕೊಳ್ಳಬೇಕಾದ ಒಂದು ಜಾಗ ಇಲ್ಲಿದೆ. ಗಡಿನಾಡಿನ ನಾವು ಆರು ವರ್ಷದ ಮಕ್ಕಳಿಗೆ ಹಾಡು ಆರಿಸುವಾಗ ನಾಡುನುಡಿಯ ಅಭಿಮಾನದ ಹಾಡುಗಳ ಕಡೆ ವಾಲುತ್ತೇವೆ. ನವೆಂಬರ್ 1ಕ್ಕೆ ಶಾಲೆಯಲ್ಲಿ ಕೇರಳ ಹುಟ್ಟಿದ ದಿನ, ಸಂಜೆ ಸಂಘದಲ್ಲಿ ರಾಜ್ಯೋತ್ಸವ. ಅಲ್ಲಿ ಮಗು ಕೆಂಪು, ಹಳದಿ ಶಾಲು ಹಾಕಿಕೊಂಡು ತನಗೆ ಅರ್ಥವಾಗದ ಸಂಸ್ಕೃತ ಸಮಾಸಗಳನ್ನು ಒಪ್ಪಿಸುತ್ತದೆ, ನಾವು ಕಣ್ಣೊರೆಸಿಕೊಳ್ಳುತ್ತೇವೆ. ಆ ಸಂಕಟ ನನಗೂ ಇದೆ, ನಮ್ಮ ಮನೆಯಲ್ಲೂ ಇದೇ ನಡೆದದ್ದು. ಆದರೆ ಆ ಹಾಡುಗಳಲ್ಲಿ ಮಗು ಉತ್ತರ ಕೊಡಬೇಕಾದ ಜಾಗ ಎಲ್ಲೂ ಇಲ್ಲ. ಹಾವಿನ ಪದ್ಯದಲ್ಲಿ ಉಂಟು, ಸಿಗಡಿಯಲ್ಲಿ ಉಂಟು, ಕಾಗಕ್ಕನ ಬಾಗಿಲಲ್ಲಿ ಉಂಟು. ಸಣ್ಣ ತರಗತಿಗೆ ಪಾಠ ಆರಿಸುವವರು ಆಶಯದ ಪಟ್ಟಿಯನ್ನು ಬದಿಗಿಟ್ಟು ಈ ಒಂದು ಗುಣ ನೋಡಲಿ ಎನ್ನುವುದು ನನ್ನ ಬೇಡಿಕೆ.

ಇದರಿಂದ ಬರವಣಿಗೆ ಬರ್ತದಾ ಅಂತ ಚಾಟ್‌ನಲ್ಲಿ ಮೇಡಂ ಕೇಳಿದ್ದಾರೆ. ಮರುದಿನ ಆ ಮಕ್ಕಳಿಗೆ ಕತೆಯಿಂದ ಒಂದು ಸಾಲು ಬರೆಯಲಿಕ್ಕೆ ಹೇಳಿದ್ದೆವು. ಹೆಚ್ಚಿನವರು ಬೋರ್ಡಿನಲ್ಲಿದ್ದ ಹೆಸರನ್ನೇ ಇಳಿಸಿದ್ದರು. ಹಿಂದಿನ ಬೆಂಚಿನ ಆ ಹುಡುಗ ಮಾತ್ರ 'ಬಸು ಬರಲಿಲ' ಅಂತ ಬರೆದಿದ್ದ, ಒತ್ತಕ್ಷರ ಎರಡೂ ಬಿಟ್ಟು. ನಾನು ಕೆಂಪು ಪೆನ್ನು ತೆಗೆಯಲಿಲ್ಲ. ಮುಂದಿನ ವಾರ ತೆಗೆಯಬೇಕಾಗ್ತದೆ, ಅದು ಹೇಗೆ ಅಂತ ಇನ್ನೂ ಯೋಚಿಸ್ತಾ ಇದ್ದೇನೆ.