‘ಒಳ್ಳೆಯ ಕೊಲೆಸ್ಟರಾಲು’: ಒಂದು ಹೆಸರಿನ ವಿಮರ್ಶೆ

ರಕ್ತಪರೀಕ್ಷೆಯ ವರದಿಯಲ್ಲಿ ಎಚ್.ಡಿ.ಎಲ್. ಎಂಬುದರ ಮುಂದೆ ಬರೆದಿರುವ ಅಂಕಿ ದೊಡ್ಡದಾಗಿದ್ದರೆ ಸಮಾಧಾನಪಡುವವರು ವಿದ್ಯಾವಂತರಲ್ಲಿ ಅನೇಕರಿದ್ದಾರೆ. ಅಧಿಕ ಸಾಂದ್ರತೆಯ ಲಿಪೋಪ್ರೋಟೀನಿನಲ್ಲಿರುವ ಕೊಲೆಸ್ಟರಾಲಿಗೆ ‘ಒಳ್ಳೆಯ ಕೊಲೆಸ್ಟರಾಲು’ ಎಂಬ ಹೆಸರು ರೂಢಿಗೆ ಬಂದು ದಶಕಗಳೇ ಕಳೆದಿವೆ. ಈ ಹೆಸರಿನಲ್ಲಿ ಎರಡು ಪ್ರತಿಪಾದನೆಗಳು ಅಡಗಿವೆ. ಈ ವಸ್ತು ಹೆಚ್ಚಾಗಿದ್ದಷ್ಟೂ ಹೃದಯಕ್ಕೆ ಕ್ಷೇಮವೆಂಬುದು ಒಂದು. ಇದನ್ನು ಹೆಚ್ಚಿಸಿದರೆ ರೋಗ ತಪ್ಪುವುದೆಂಬುದು ಇನ್ನೊಂದು. ಮೊದಲನೆಯದು ಅರೆಸತ್ಯವೆಂದೂ ಎರಡನೆಯದು ಪ್ರಯೋಗಗಳಿಂದ ಸಮರ್ಥಿತವಾಗಿಲ್ಲವೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮೊದಲು ನಿರೂಪಿಸುವುದು ನ್ಯಾಯ. ಕೊಲೆಸ್ಟರಾಲು ನೀರಿನಲ್ಲಿ ಕರಗದ ವಸ್ತುವಾದುದರಿಂದ ಪ್ರೋಟೀನಿನೊಡನೆ ಕೂಡಿದ ಕಣಗಳ ಮೂಲಕ ರಕ್ತದಲ್ಲಿ ಸಂಚರಿಸುತ್ತದೆ. ಹೃದ್ರೋಗಿಗಳ ರಕ್ತದಲ್ಲಿ ಅಧಿಕ ಸಾಂದ್ರತೆಯ ಕಣಗಳು ಕಡಮೆಯಿರುವುದನ್ನು ಬಾರ್, ರಸ್ ಮತ್ತು ಈಡರ್ ೧೯೫೧ರಲ್ಲಿಯೇ ಗುರುತಿಸಿದ್ದರು. ಅಂಗಾಂಶಗಳಲ್ಲಿ ಮಿಕ್ಕ ಕೊಲೆಸ್ಟರಾಲನ್ನು ಈ ಕಣಗಳು ಯಕೃತ್ತಿಗೆ ಮರಳಿ ಸಾಗಿಸುತ್ತವೆಂಬ ಊಹೆಯನ್ನು ೧೯೬೮ರಲ್ಲಿ ಗ್ಲಾಮ್‌ಸೆಟ್ಟರು ಮುಂದಿಟ್ಟರು. ಈ ಎರಡು ಎಳೆಗಳನ್ನೂ ಹೆಣೆದು ೧೯೭೫ರಲ್ಲಿ ಮಿಲ್ಲರ್ ಎಂಬ ಹೆಸರಿನ ಇಬ್ಬರು ವಿದ್ವಾಂಸರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಒಂದು ಸಿದ್ಧಾಂತವನ್ನೇ ಕಟ್ಟಿದರು. ೧೯೭೭ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ಸಮೀಕ್ಷೆಯು ಎಚ್.ಡಿ.ಎಲ್. ಅಧಿಕವಾಗಿದ್ದವರಲ್ಲಿ ಹೃದ್ರೋಗ ವಿರಳವೆಂದು ತೋರಿಸಿತು. ಈ ಅವಲೋಕನ ಇಂದಿಗೂ ಅಳಿದಿಲ್ಲ. ವಾದವಿರುವುದು ಅದರಿಂದ ತೆಗೆದ ನಿರ್ಣಯದ ವಿಷಯದಲ್ಲಿ.

ಎರಡು ಸಂಗತಿಗಳು ಒಟ್ಟಿಗೆ ಕಂಡುಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗದೆಂಬುದು ನಮ್ಮ ನೈಯಾಯಿಕರಿಗೆ ಸುವಿದಿತವಾಗಿದ್ದಿತು. ಬೆಂಕಿಯಿರುವಲ್ಲಿ ಹೊಗೆಯಿರಬೇಕಾದರೆ ಹಸಿಯ ಸೌದೆಯೆಂಬ ಉಪಾಧಿ ಬೇಕೆಂದು ಅವರು ಹೇಳಿದರು. ಇಲ್ಲಿಯೂ ಉಪಾಧಿಗಳು ಹಲವುಂಟು. ಧೂಮಪಾನ, ಸ್ಥೂಲಕಾಯ, ಮಧುಮೇಹ, ಜಡಜೀವನ, ರಕ್ತದಲ್ಲಿ ಟ್ರೈಗ್ಲಿಸರೈಡುಗಳ ಆಧಿಕ್ಯ ಇವೆಲ್ಲವೂ ಎಚ್.ಡಿ.ಎಲ್. ಅನ್ನು ತಗ್ಗಿಸುತ್ತವೆ, ಇವೆಲ್ಲವೂ ಬೇರೆ ದಾರಿಗಳಿಂದ ಹೃದಯವನ್ನೂ ಕೆಡಿಸುತ್ತವೆ. ಹೀಗಿರುವಾಗ ತಗ್ಗಿದ ಅಂಕಿಯು ರೋಗದ ಕಾರಣವೋ, ರೋಗಕಾರಣಗಳ ಚಿಹ್ನೆ ಮಾತ್ರವೋ ಎಂಬ ಪ್ರಶ್ನೆಯನ್ನು ಸಮೀಕ್ಷೆ ತಾನೇ ಬಗೆಹರಿಸಲಾರದು. ಅದಕ್ಕೆ ಪ್ರಯೋಗವೇ ಬೇಕು.

ಪ್ರಯೋಗಗಳು ನಡೆದುವು. ಟಾರ್ಸೆಟ್ರಾಪಿಬ್ ಎಂಬ ಔಷಧಿ ಎಚ್.ಡಿ.ಎಲ್. ಅನ್ನು ಶೇಕಡ ೭೨ರಷ್ಟು ಏರಿಸಿತು. ೧೫,೦೬೭ ಜನರ ಮೇಲೆ ನಡೆದ ಅದರ ಪರೀಕ್ಷೆಯನ್ನು ೨೦೦೬ರ ಡಿಸೆಂಬರಿನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು; ಔಷಧಿ ಪಡೆದವರಲ್ಲಿ ೯೩ ಮಂದಿಯೂ ಪಡೆಯದವರಲ್ಲಿ ೫೯ ಮಂದಿಯೂ ಮೃತರಾಗಿದ್ದರು. ಆ ಔಷಧಿ ರಕ್ತದೊತ್ತಡವನ್ನೂ ಏರಿಸುತ್ತಿದ್ದಿತಾದ್ದರಿಂದ ದೋಷ ಔಷಧಿಯದು, ಸಿದ್ಧಾಂತದ್ದಲ್ಲ ಎಂಬ ಸಮಾಧಾನ ಆಗ ಸಾಧ್ಯವಿದ್ದಿತು. ಆದರೆ ೨೦೧೨ರಲ್ಲಿ ಡಾಲ್ಸೆಟ್ರಾಪಿಬ್, ೨೦೧೫ರಲ್ಲಿ ಇವಾಸೆಟ್ರಾಪಿಬ್ ಇದೇ ರೀತಿ ನಿಷ್ಫಲವಾದುವು. ಎರಡನೆಯದು ಎಚ್.ಡಿ.ಎಲ್. ಅನ್ನು ಇಮ್ಮಡಿಗಿಂತಲೂ ಹೆಚ್ಚಿಸಿದ್ದಿತು. ೨೫,೬೭೩ ಜನರನ್ನೊಳಗೊಂಡು ೨೦೧೪ರಲ್ಲಿ ವರದಿಯಾದ ನಯಾಸಿನ್ ಪರೀಕ್ಷೆಯಲ್ಲಿ ಹೃದಯಕ್ಕೆ ಲಾಭ ಕಾಣಲಿಲ್ಲ, ಮಧುಮೇಹವಾದರೋ ಹೆಚ್ಚಿತು. ನಿಸರ್ಗವೇ ನಡೆಸಿದ ಪ್ರಯೋಗವೂ ಇದೇ ಉತ್ತರವನ್ನಿತ್ತಿದೆ. ಹುಟ್ಟಿನಿಂದಲೇ ಎಚ್.ಡಿ.ಎಲ್. ಅನ್ನು ಹೆಚ್ಚಿಸುವ ಒಂದು ಜೀನುಭೇದವುಳ್ಳವರಲ್ಲಿ ಹೃದಯಾಘಾತ ಕಡಮೆಯಿಲ್ಲವೆಂದು ೨೦೧೨ರ ಅಧ್ಯಯನವೊಂದು ತೋರಿಸಿತು.

ಹಾಗಾದರೆ ಮರಳಿ ಸಾಗಿಸುವ ಕ್ರಿಯೆಯೇ ಸುಳ್ಳೇ? ಹಾಗೆ ಹೇಳುವುದು ಅವಸರವಾದೀತು. ತೊಡಕಿರುವುದು ಅಳತೆಯಲ್ಲಿ. ಪ್ರಯೋಗಶಾಲೆ ಅಳೆಯುವುದು ಈ ಕಣಗಳಲ್ಲಿ ಆ ಹೊತ್ತಿಗೆ ತುಂಬಿರುವ ಕೊಲೆಸ್ಟರಾಲನ್ನು. ದಾರಿಯಲ್ಲಿ ನಿಂತಿರುವ ಹೇರುಗಾಡಿಗಳನ್ನು ಎಣಿಸಿ ಕಣಜಕ್ಕೆ ಎಷ್ಟು ಧಾನ್ಯ ಸೇರಿತೆಂದು ಹೇಳಲಾಗದು. ಕಣಜದ ಬಾಗಿಲು ಮುಚ್ಚಿದ್ದರೂ ದಾರಿಯಲ್ಲಿ ಗಾಡಿಗಳು ಹೆಚ್ಚುತ್ತವೆ. ಇದು ಬರಿಯ ಉಪಮೆಯಲ್ಲ. ಯಕೃತ್ತು ಈ ಹೊರೆಯನ್ನು ಇಳಿಸಿಕೊಳ್ಳುವ ಗ್ರಾಹಕದಲ್ಲಿ ಜನ್ಮದೋಷವಿರುವವರಲ್ಲಿ ಎಚ್.ಡಿ.ಎಲ್. ಅಧಿಕವಾಗಿದ್ದು ಹೃದ್ರೋಗವೂ ಅಧಿಕವೆಂದು ೨೦೧೬ರಲ್ಲಿ ವರದಿಯಾಯಿತು. ಎಚ್.ಡಿ.ಎಲ್. ಅತಿಯಾಗಿ ಏರಿದವರಲ್ಲಿ ಮರಣದ ಪ್ರಮಾಣವೂ ಏರುತ್ತದೆಂದು ೨೦೧೭ರಲ್ಲಿ ಕೋಪನ್‌ಹೇಗನ್ನಿನ ಸಮೀಕ್ಷೆ ಕಂಡುಕೊಂಡಿತು.

ಅದೇ ವರ್ಷ ಅನಾಸೆಟ್ರಾಪಿಬ್ ಔಷಧಿಯಿಂದ ಹೃದಯಸಂಬಂಧವಾದ ಅನಾಹುತಗಳು ಶೇಕಡ ೯ರಷ್ಟು ಇಳಿದುವೆಂದು ಸಿದ್ಧಾಂತದ ಪರವಾಗಿ ಹೇಳಬಹುದು. ಆದರೆ ಆ ಔಷಧಿ ಅಲ್ಪ ಸಾಂದ್ರತೆಯ ಕೊಲೆಸ್ಟರಾಲನ್ನೂ ತಗ್ಗಿಸಿದ್ದಿತು. ದೊರೆತ ಲಾಭಕ್ಕೆ ಆ ಇಳಿಕೆಯೇ ಸಾಕಾದಷ್ಟು ಕಾರಣ. ಕಣಗಳ ಸಂಖ್ಯೆಗಿಂತ ಅವುಗಳ ಕಾರ್ಯಶಕ್ತಿ ಮುಖ್ಯವೆಂಬ ನವೀನ ಪಕ್ಷವೂ ಇನ್ನೂ ಸಿದ್ಧವಾಗಿಲ್ಲ. ಕೊಲೆಸ್ಟರಾಲನ್ನು ಹೊರಸೆಳೆಯುವ ಶಕ್ತಿಯನ್ನು ಹೆಚ್ಚಿಸುವ ಪ್ರೋಟೀನನ್ನು ಹೃದಯಾಘಾತವಾದವರಿಗೆ ನೇರವಾಗಿ ರಕ್ತಕ್ಕೇ ಕೊಟ್ಟು ನೋಡಿದ ೨೦೨೪ರ ದೊಡ್ಡ ಪರೀಕ್ಷೆಯೂ ತನ್ನ ಮುಖ್ಯ ಗುರಿಯನ್ನು ಮುಟ್ಟಲಿಲ್ಲ.

ಈ ಚರ್ಚೆಯಿಂದ ಎಚ್.ಡಿ.ಎಲ್. ಅಳತೆ ನಿರರ್ಥಕವೆಂದು ತಿಳಿಯಬಾರದು. ತಗ್ಗಿದ ಅಂಕಿ ಅಪಾಯದ ಸೂಚಕವಾಗಿ ಇಂದಿಗೂ ಉಪಯುಕ್ತ. ದಕ್ಷಿಣ ಏಷ್ಯದ ಜನರಲ್ಲಿ ಈ ತಗ್ಗು ಸಾಮಾನ್ಯವಾದುದರಿಂದ ನಮಗಂತೂ ಇದು ಗಮನಾರ್ಹ. ವ್ಯಾಯಾಮ, ಧೂಮಪಾನತ್ಯಾಗಗಳೂ ಅವಶ್ಯವೇ; ಆದರೆ ಅವುಗಳ ಫಲ ಈ ಒಂದು ಅಂಕಿಯನ್ನು ಅವಲಂಬಿಸಿಲ್ಲ. ಹಾನಿಯಿರುವುದು ಹುಸಿಧೈರ್ಯದಲ್ಲಿ. ಅಲ್ಪ ಸಾಂದ್ರತೆಯ ಕೊಲೆಸ್ಟರಾಲು ಏರಿರುವ ರೋಗಿ, ‘ಒಳ್ಳೆಯದೂ ಹೆಚ್ಚಾಗಿದೆ, ಸರಿಹೋಯಿತು’ ಎಂದು ಚಿಕಿತ್ಸೆಯನ್ನು ಕೈಬಿಟ್ಟರೆ ಆ ಹೆಸರು ಅವನ ಪ್ರಾಣಕ್ಕೆ ಎರವಾಗಬಹುದು.

ಆದಕಾರಣ ತರಗತಿಯಲ್ಲಿ ಈ ವಿಷಯವನ್ನು ಬೋಧಿಸುವವರು ಒಳಿತು ಕೆಡುಕುಗಳ ವಿಶೇಷಣವನ್ನು ಬಿಟ್ಟು ವಸ್ತುವನ್ನು ಅದರ ಹೆಸರಿನಿಂದಲೇ ಕರೆಯುವುದು ಯುಕ್ತ. ಸೂಚಕಕ್ಕೂ ಕಾರಣಕ್ಕೂ ಇರುವ ಭೇದವನ್ನು ವಿದ್ಯಾರ್ಥಿಗಳಿಗೆ ಮನಗಾಣಿಸಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ.