ಹಿಟ್ಟಿನ ಕೋಳಿಯೂ ಬಿಟ್ಟ ಮೀನೂ

ಬೆಳಗಾವಿಯಿಂದ ಗೋವೆಗೆ ಹೋಗುವ ಚೋರ್ಲಾ ಘಾಟಿನ ದಾರಿ ಮಲಪ್ರಭೆಯ ಉಗಮಸ್ಥಾನವಾದ ಕಣಕುಂಬಿಯನ್ನು ಹಾದು ಕಡಲ ಕಡೆಗೆ ಇಳಿಯುತ್ತದೆ. ಮಾರ್ಗದರ್ಶಕನ ಸಹಿತ ದೋಣಿಯನ್ನು ಗೊತ್ತುಮಾಡಿಕೊಂಡು ಗಾಳ ಹಾಕಿ ಬರುವುದು ಇಂದು ಆ ಕಡಲತೀರದ ಪ್ರವಾಸಗಳಲ್ಲಿ ಒಂದು ವಿನೋದವಾಗಿದೆ. ಇಂಥ ವಿನೋದದ ಪೂರ್ವಸಿದ್ಧತೆಗೆ ಶಾಸ್ತ್ರದ ರೂಪ ಕೊಟ್ಟ ಗ್ರಂಥವೊಂದು ನಮ್ಮ ನಾಡಿನಲ್ಲಿಯೇ ಹುಟ್ಟಿತೆಂಬುದು ಗಮನಾರ್ಹ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಬರೆದ 'ದಿ ರಾಡ್ ಇನ್ ಇಂಡಿಯಾ' 1873ರಲ್ಲಿ ಮಂಗಳೂರಿನಲ್ಲಿ ಪ್ರಕಟವಾಯಿತು.

ಗ್ರಂಥದ ಗುಣವನ್ನು ಮೊದಲು ಹೇಳುವುದು ನ್ಯಾಯ. ಅದರ ವಿಷಯ ಬಹುಪಾಲು ನದಿಯ ಮೀನುಗಳದು. ಅವುಗಳ ಆಹಾರ, ಸಂಚಾರ, ಸ್ವಭಾವಗಳನ್ನು ಲೇಖಕನು ಶ್ರದ್ಧೆಯಿಂದ ಗಮನಿಸಿದ್ದಾನೆ. ಮರಿಮೀನುಗಳ ವಿವೇಚನೆಯಿಲ್ಲದ ನಾಶವನ್ನು ವಿರೋಧಿಸಿದ್ದಾನೆ. ಆದರೆ ಈ ಅರಿವೆಲ್ಲ ಕೊನೆಗೆ ಸಲ್ಲುವುದು ಯಾವುದಕ್ಕೆ? ಚಮಚೆಯಂಥ ಲೋಹದ ತುಣುಕು ನೀರಿನಲ್ಲಿ ಮರಿಮೀನಿನಂತೆ ಹೊಳೆದು ಮೋಸಗೊಳಿಸುವುದಕ್ಕೆ. ದಯೆಗೆ ದಾರಿಯಾಗಬೇಕಾದ ಜ್ಞಾನ ವಂಚನೆಗೆ ಉಪಕರಣವಾಗಿದೆ. ಇಂದಿನ ಕಡಲ ವಿನೋದದ ಸಿದ್ಧತೆಯೂ ಇದೇ ದಾರಿಯದು.

'ನಾವು ಕೊಲ್ಲುವುದಿಲ್ಲ, ಹಿಡಿದು ಮರಳಿ ನೀರಿಗೆ ಬಿಡುತ್ತೇವೆ' ಎಂಬುದು ಈಗಿನವರ ಸಮರ್ಥನೆ. ಇದಕ್ಕೆ ಜನ್ನಕವಿ 1209ರಲ್ಲಿಯೇ ಉತ್ತರ ಬರೆದಿಟ್ಟಿದ್ದಾನೆ. 'ಯಶೋಧರ ಚರಿತೆ'ಯ ಅರಸನು ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ಆದರೂ ಆ ಸಂಕಲ್ಪಹಿಂಸೆ ಅವನನ್ನು ಭವಭವಗಳಲ್ಲಿ ಬೆನ್ನಟ್ಟಿತು. ಒಂದು ಭವದಲ್ಲಿ ಅವನೇ ಮೀನಾಗಿ ಹುಟ್ಟಿ ಸೆರೆಸಿಕ್ಕನು. ಹಿಟ್ಟಿಗೆ ನೋವಿಲ್ಲ. ಗಾಳ ಕಚ್ಚಿದ ಮೀನಿಗೆ ಗಾಯವುಂಟು, ದಣಿವುಂಟು. ಬಿಟ್ಟ ಮೀನುಗಳಲ್ಲಿ ಕೆಲವು ಬದುಕುವುದೂ ಇಲ್ಲ. ಹಿಟ್ಟಿನ ಕೋಳಿಯಲ್ಲೇ ಬಂಧವುಂಟಾದರೆ ಇಲ್ಲಿ ವಿನಾಯಿತಿ ಎಲ್ಲಿಯದು?

ಬಿಡುವುದರಲ್ಲಿಯೂ ಭೇದವಿದೆ. ಸೋಮದೇವಸೂರಿಗಳು 959ರ 'ಯಶಸ್ತಿಲಕ'ದಲ್ಲಿ ಬೆಸ್ತ ಮೃಗಸೇನನ ಕಥೆ ಹೇಳಿದ್ದಾರೆ. ಬಲೆಗೆ ಬಿದ್ದ ಮೊದಲ ಮೀನನ್ನು ಕೊಲ್ಲೆನೆಂದು ಮುನಿಗಳಲ್ಲಿ ವ್ರತ ಪಡೆದ ಆತ, ಆ ಮೀನಿಗೆ ಬಟ್ಟೆಯ ಚೂರನ್ನು ಗುರುತಾಗಿ ಕಟ್ಟಿ ಬಿಟ್ಟನು. ಅದೇ ಮೀನು ಮತ್ತೆ ಮತ್ತೆ ಬಂದರೂ ಬಿಟ್ಟು, ಬರಿಗೈಯಲ್ಲಿ ಮನೆಗೆ ಮರಳಿದನು. ಹೊಟ್ಟೆಪಾಡಿನ ಬೆಸ್ತ ತನ್ನ ಅನ್ನವನ್ನೇ ಬಿಟ್ಟನು. ಹೊಟ್ಟೆ ತುಂಬಿದ ವಿನೋದಿ ಇನ್ನೊಂದನ್ನು ಹಿಡಿಯುವ ಆಸೆಯಿಂದ ಬಿಡುತ್ತಾನೆ. ಮೀನು ನೀರಿಗೆ ಮರಳುವುದು ಎರಡರಲ್ಲಿಯೂ ಒಂದೇ. ಬರೆದುಕೊಳ್ಳುವ ಖಾತೆ ಬೇರೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ ಐದು ಅನರ್ಥದಂಡಗಳಲ್ಲಿ ಮೂರನ್ನು ಇಲ್ಲಿ ನೆನೆಯಬೇಕು. ಪ್ರಾಣಿಪೀಡೆಯನ್ನು ಕಲಿಸುವುದು ಪಾಪೋಪದೇಶ. ಅದರ ಉಪಕರಣವನ್ನು ಒದಗಿಸುವುದು ಹಿಂಸಾದಾನ. ಪರರ ವಧಬಂಧನಗಳನ್ನು ಬಯಸಿ ಚಿಂತಿಸುವುದು ಅಪಧ್ಯಾನ. ಕೈಪಿಡಿ, ಗಾಳ, ಹಿಂದಿನ ರಾತ್ರಿಯ ಕಾತರ ಇವು ಮೂರೂ ದೋಣಿ ದಡ ಬಿಡುವ ಮೊದಲೇ ಪೂರ್ಣವಾಗಿರುತ್ತವೆ. ಆದುದರಿಂದ ಮೀನು ಸಿಕ್ಕಿತೇ, ಬಿಟ್ಟರೇ ಎಂಬ ಪ್ರಶ್ನೆ ಬಹಳ ತಡವಾಗಿ ಕೇಳಿದ ಪ್ರಶ್ನೆ.

ಬಸದಿಗಳ ಪಾಠಶಾಲೆಗಳಲ್ಲಿ ಜನ್ನನ ಕಥೆಯನ್ನು ಹಳೆಯ ಬಲಿಪದ್ಧತಿಯ ಖಂಡನೆಯೆಂದಷ್ಟೇ ಹೇಳಿ ಮುಗಿಸಬಾರದು. ಬಲಿಯನ್ನು ಕಂಡರಿಯದ ಇಂದಿನ ಮಕ್ಕಳಿಗೆ ವಿನೋದದ ಹಿಂಸೆ ಹೆಚ್ಚು ಸಮೀಪದ್ದು. ಗೆಳೆಯರು ಕರೆದರೆ ಕಡಲಿಗೆ ಧಾರಾಳವಾಗಿ ಹೋಗಲಿ, ಅಲೆಗಳನ್ನು ನೋಡಲಿ. ಗಾಳವನ್ನು ಕೈಗೆ ಕೊಟ್ಟಾಗ ಮಾತ್ರ ಬೇಡವೆನ್ನಲಿ.